ಬಳೆ ಗುರುತಿನ ಇಟ್ಟಿಗೆ

ನಮ್ಮೂರಿನಲ್ಲಿ ಹೆರಿಗೆಯಾದವಳ ಮಂಚವನ್ನು ಬೆಚ್ಚನೆಯ ಗೋಡೆಗೆ ಆನಿಸಿ ಹಾಕುತ್ತಾರೆ. ಮಂಡಿನೋವಿನ ಮುದುಕರು ಅದಕ್ಕೆ ಬೆನ್ನು ಕೊಟ್ಟು ಕೂರುತ್ತಾರೆ, ಮೋಡ ಕವಿದ ದಿನ ಹೆಂಗಸರು ಅದರ ಪಕ್ಕ ಹಗ್ಗ ಕಟ್ಟಿ ಬಟ್ಟೆ ಹರವುತ್ತಾರೆ, ಬೆಕ್ಕುಗಳಂತೂ ಆ ಗೋಡೆಯ ಬುಡ ಬಿಟ್ಟು ಏಳುವುದೇ ಇಲ್ಲ. ವರ್ಷದಲ್ಲಿ ಎಂಟು ತಿಂಗಳು ಥಂಡಿ ಹೊಡೆಯುವ ಊರು ನಮ್ಮದು. ಯಾರನ್ನಾದರೂ ಬಿಟ್ಟುಹೋಗಲಾಗದಂತೆ ಹಿಡಿದಿಟ್ಟು ಇಟ್ಟಿಗೆ ಮಾಡಿಸಿದರೆ, ಆ ಇಟ್ಟಿಗೆ ನಮ್ಮೂರ ಗಡಿಯೊಳಗೆ ಬಂದಮೇಲೆ ಆರುವುದಿಲ್ಲ. ಸುಟ್ಟು ವರ್ಷವಾದರೂ ಆಗಷ್ಟೇ ಒಲೆಯಿಂದ ಇಳಿಸಿದ ಪಾತ್ರೆಯ ಹಾಗೆ ಬೆಚ್ಚಗಿರುತ್ತದೆ. ಮಾಡಿದವರು ಬಿಡುಗಡೆಯಾದ ದಿನ ಆರುತ್ತದೆ. ಬೇರೆ ಊರುಗಳಲ್ಲಿ ಹೀಗಾಗುವುದಿಲ್ಲವಂತೆ. ಅಲ್ಲಿ ಇಟ್ಟಿಗೆ ಬರೀ ಇಟ್ಟಿಗೆ.

ನಾನು ಸರ್ವಮಂಗಳ. ಹತ್ತೊಂಬತ್ತು ವರ್ಷ ಕಂಪನಿಯಲ್ಲಿ ಅಂಗೈ ಕೆಲಸ ಮಾಡಿದವಳು. ನಗಬೇಡಿ, ಹುದ್ದೆಯ ಹೆಸರೇ ಅದು. ಕಂಪನಿಯವರು ಸುತ್ತಮುತ್ತಲಿನ ಭಟ್ಟಿಗಳಿಂದ ಇಟ್ಟಿಗೆ ಕೊಂಡು ದೊಡ್ಡ ದೊಡ್ಡ ಪಟ್ಟಣಗಳಿಗೆ ಕಳಿಸುತ್ತಾರೆ. ಆ ಪಟ್ಟಣಗಳ ಗಿರಾಕಿಗಳು ಮರ್ಯಾದಸ್ತರು. ಯಾರನ್ನೋ ಕೂಡಿಹಾಕಿ ಮಾಡಿಸಿದ ಇಟ್ಟಿಗೆ ನಮಗೆ ಬೇಡ, ಹಾಗಲ್ಲವೆಂದು ಬರೆದುಕೊಡಿ ಎಂದು ಕೇಳುತ್ತಾರೆ. ಅದಕ್ಕೇ ಕಂಪನಿ ನಮ್ಮೂರನ್ನು ಹುಡುಕಿಕೊಂಡು ಬಂದು ಇಲ್ಲಿ ತನ್ನ ಅಂಗಳ ಹೂಡಿದ್ದು. ಬಂದ ಪ್ರತಿ ಲೋಡಿನಿಂದ ಇಪ್ಪತ್ತು ಇಟ್ಟಿಗೆ ಆರಿಸಿ, ಒಂದು ದಿನ ನೆರಳಿನಲ್ಲಿಟ್ಟು, ಬೆಳಿಗ್ಗೆ ಒಂದೊಂದರ ಮೇಲೂ ನಾನು ಬಲಗೈ ಇಡಬೇಕು. ಆರಿದ್ದರೆ ರಿಜಿಸ್ಟರಿನಲ್ಲಿ ‘ತಣ್ಣಗಿದೆ’ ಎಂದು ಬರೆದು ಮೊಹರು ಹಾಕಬೇಕು. ಇಲ್ಲವಾದರೆ ‘ಬೆಚ್ಚಗಿದೆ’ ಎಂದು ಬರೆದು ಲೋಡನ್ನು ತಳ್ಳಿಹಾಕಬೇಕು. ನನ್ನ ಅಂಗೈ ಒರಟಾಗಬಾರದೆಂದು ತಿಂಗಳಿಗೊಂದು ಶೀಸೆ ಕೊಬ್ಬರಿ ಎಣ್ಣೆ ಕಂಪನಿಯ ಲೆಕ್ಕದಲ್ಲೇ ಬರುತ್ತಿತ್ತು. ಮನೆಯಲ್ಲಿ ನಮ್ಮತ್ತೆ ಹಾಲಮ್ಮ ನನಗೆ ರೊಟ್ಟಿ ತಟ್ಟಲು ಬಿಡುತ್ತಿರಲಿಲ್ಲ. “ಕೈ ಸುಟ್ಕೊಂಡ್ರೆ ಇಬ್ರೂ ಉಪವಾಸ ಬೀಳ್ತೀವಿ, ಸರಿ ಅತ್ಲಾಗೆ,” ಎಂದು ತಾವೇ ಒಲೆ ಮುಂದೆ ಕೂರುತ್ತಿದ್ದರು. ನನ್ನ ಗಂಡ ತೀರಿಕೊಂಡು ಇಪ್ಪತ್ತು ವರ್ಷ. ಅಂದಿನಿಂದ ನಾವಿಬ್ಬರೇ, ದಿನಕ್ಕೆ ನಾಲ್ಕು ಸಲ ಜಗಳ, ಒಂದೇ ತಟ್ಟೆಯಲ್ಲಿ ಊಟ.

ತಳ್ಳಿಹಾಕಿದ ಲೋಡು ಎಲ್ಲಿಗೆ ಹೋಗುತ್ತಿತ್ತು ಎಂದು ಕೇಳಿ. ಭಟ್ಟಿಗೆ ವಾಪಸ್ಸೇ? ಎಲ್ಲಿಯ ಮಾತು! ಅಂಗಳದ ಹಿಂದಿನ ಗೇಟಿನಿಂದ ನಮ್ಮೂರಿನವರಿಗೇ ಮಾರಾಟವಾಗುತ್ತಿತ್ತು. ನಾನು ‘ಬೆಚ್ಚಗಿದೆ’ ಎಂದು ಬರೆದ ದಿನ ಹಿಂದಿನ ಗೇಟಿನಲ್ಲಿ ಕೈಗಾಡಿಗಳ ಸಾಲು. ಸಂತೆಯಲ್ಲಿ ಸಿಕ್ಕಿದವರೆಲ್ಲ, “ಮಂಗಳಕ್ಕಾ, ಈ ವಾರ ಬೆಚ್ಚನೆ ಮಾಲು ಇದೆಯೇನ್ರೀ? ಸೊಸೆಗೆ ದಿನ ತುಂಬಿದೆ, ಒಂದು ಗೋಡೆಗಾದ್ರೂ ಕೊಡಿಸ್ರೀ,” ಎಂದು ನನ್ನನ್ನೇ ಹಿಡಿಯುತ್ತಿದ್ದರು. ಯಾರೂ ಕೆಟ್ಟವರಲ್ಲ. ಮಗು ಬೆಚ್ಚಗಿರಲಿ ಎನ್ನುವವರನ್ನು ಕೆಟ್ಟವರೆಂದು ಹೇಗೆ ಹೇಳಲಿ? ಇಟ್ಟಿಗೆಯ ಮೇಲೆ ಕೈಯಿಟ್ಟು ಅದನ್ನು ಮಾಡಿದವರ ಸುದ್ದಿ ಮಾತ್ರ ಯಾರೂ ಎತ್ತುತ್ತಿರಲಿಲ್ಲ, ಅಷ್ಟೆ. ನಾನೂ ಎತ್ತುತ್ತಿರಲಿಲ್ಲ. ಹೋದ ವರ್ಷ ಅತ್ತೆಯ ಕೋಣೆಯ ಬಡಗಣ ಗೋಡೆ ಕುಸಿದಾಗ ನಾನೇ ಹಿಂದಿನ ಗೇಟಿನ ಸಾಲಿನಲ್ಲಿ ನಿಂತು ಒಂದು ಗಾಡಿ ತುಂಬ ಬೆಚ್ಚನೆ ಇಟ್ಟಿಗೆ ತಂದೆ. ಗಾರೆ ಮೆತ್ತಿದರೆ ಶಾಖ ಕಡಿಮೆಯಾಗುತ್ತದೆಂದು ಒಳಬದಿಯನ್ನು ಹಾಗೇ ಬಿಡಿಸಿದೆ. ಅತ್ತೆ ಆ ಗೋಡೆಗೆ ಮಂಡಿ ತಾಗಿಸಿ ಮಲಗಿದ ಮೊದಲ ಸಲ, “ಈಗ ಜೀವ ಬಂತು ನೋಡು,” ಎಂದರು. ನನಗೂ ಸಂತೋಷವೇ ಆಯಿತು.

ಆ ಇಟ್ಟಿಗೆಗಳು ಹೊಳೆಯಾಚೆಯ ಪಂಪಣ್ಣನ ಭಟ್ಟಿಯವು. ಅಚ್ಚಿನಿಂದ ತೆಗೆದ ಹಸಿ ಇಟ್ಟಿಗೆಯ ಬದಿಗೆ ಅಲ್ಲಿನ ಆಳುಗಳು ತಮ್ಮ ತಮ್ಮ ಗುರುತು ಒತ್ತುತ್ತಿದ್ದರು, ಒಬ್ಬರ ಕೆಲಸ ಇನ್ನೊಬ್ಬರದೆಂದು ಆಗಬಾರದಲ್ಲ, ಅದಕ್ಕೆ. ಒಬ್ಬರದು ಹೆಬ್ಬೆರಳು, ಒಬ್ಬರದು ಬೇವಿನ ಕಡ್ಡಿಯ ಗೀರು, ಒಬ್ಬರದು ಮೂರು ಚುಕ್ಕಿ. ಒಟ್ಟು ಹನ್ನೊಂದು ಗುರುತು ನಮ್ಮ ಗೋಡೆಯಲ್ಲಿದ್ದವು. ಅವುಗಳಲ್ಲಿ ಒಂದು ಬಳೆಯನ್ನು ಒತ್ತಿ ಮಾಡಿದ ಅರ್ಧಚಂದ್ರ. ಅಂಥವು ಏಳು. ಬಳೆಯಾದ್ದರಿಂದ ಹೆಂಗಸೇ ಇರಬೇಕೆಂದು ಅತ್ತೆ ತೀರ್ಮಾನಿಸಿದ್ದರು. ಮಲಗುವ ಮುಂಚೆ ಆ ಗುರುತಿನ ಮೇಲೆ ಬೆರಳಾಡಿಸಿ, “ಯಾವ ತಾಯಿಯೋ ಏನೋ,” ಎನ್ನುತ್ತಿದ್ದರು. ಆಮೇಲೆ ಮಗ್ಗುಲಾಗಿ ನಿದ್ದೆ ಹೋಗುತ್ತಿದ್ದರು.

ಈ ವರ್ಷ ಕೇಂದ್ರ ಕಚೇರಿಯಿಂದ ಹೊಸ ನಿಯಮ ಬಂತು. ಒಂದೇ ಭಟ್ಟಿಯ ಮೂರು ಲೋಡು ಒಂದರ ಹಿಂದೆ ಒಂದು ಬೆಚ್ಚಗಿದ್ದರೆ ಯಾರಾದರೂ ಹೋಗಿ ನೋಡಿ ಬರಬೇಕು, ವಿಷಯ ಇತ್ಯರ್ಥವಾಗುವವರೆಗೆ ಆ ಲೋಡುಗಳನ್ನು ಹಿಂದಿನ ಗೇಟಿನಿಂದಲೂ ಮಾರಬಾರದು. ಪಂಪಣ್ಣನ ಮೂರು ಬೆಚ್ಚನೆ ಲೋಡು ಆಗಲೇ ಅಂಗಳದಲ್ಲಿ ಬಿದ್ದಿದ್ದವು. ಮ್ಯಾನೇಜರ್ ಸದಾನಂದಯ್ಯ ನನ್ನ ಕೈಗೆ ನಲವತ್ತು ಪ್ರಶ್ನೆಗಳ ಫಾರಂ ಕೊಟ್ಟು, “ಮಂಗಳಮ್ಮ, ನೀವೇ ಹೋಗಿ ಬಂದ್ಬಿಡಿ. ಎಲ್ಲಾ ಕಾಲಂ ತುಂಬಿರ್ಬೇಕು, ಖಾಲಿ ಬಿಡಬೇಡಿ,” ಎಂದರು. ಹತ್ತೊಂಬತ್ತು ವರ್ಷದಲ್ಲಿ ನಾನು ಭಟ್ಟಿ ನೋಡಿದ್ದು ಅದೇ ಮೊದಲು. ನಂಬಿದರೆ ನಂಬಿ, ಬಿಟ್ಟರೆ ಬಿಡಿ.

ಡ್ರೈವರ್ ಮಕ್ತುಮ್ ಸಾಬರ ಲಾರಿಯಲ್ಲಿ ಹೊಳೆ ದಾಟಿ ಹೋದೆ. ಸುತ್ತಲೂ ತಂತಿಬೇಲಿ, ಒಂದೇ ಗೇಟು, ಗೇಟಿನ ಪಕ್ಕದಲ್ಲೇ ಪಂಪಣ್ಣನ ಮನೆ. ಅವನು ನಗುನಗುತ್ತಾ ಎಳನೀರು ಕೊಡಿಸಿದ. ಆಳುಗಳನ್ನು ಸಾಲಾಗಿ ನಿಲ್ಲಿಸಿ, ತಾನು ನನ್ನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತ. ನಾನು ಫಾರಂ ಓದಿದೆ. ನೀವು ಇಷ್ಟಪಟ್ಟು ಇಲ್ಲಿ ಕೆಲಸ ಮಾಡುತ್ತಿದ್ದೀರಾ? ಹೌದ್ರಿ. ನಿಮಗೆ ಬೇಕಾದಾಗ ಹೊರಗೆ ಹೋಗಬಹುದೇ? ಹೌದ್ರಿ. ಹನ್ನೊಂದು ಜನ, ಹನ್ನೊಂದು ಹೌದ್ರಿ, ಎಲ್ಲರ ಕಣ್ಣೂ ಪಂಪಣ್ಣನ ಚಪ್ಪಲಿಯ ಮೇಲೆ. ಕಾಲಂಗಳೆಲ್ಲ ತುಂಬುತ್ತಾ ಹೋದವು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಅಷ್ಟರಲ್ಲಿ ಪಂಪಣ್ಣನಿಗೆ ಮನೆಯೊಳಗಿಂದ ಕರೆ ಬಂತು. ನಾನು ನೀರು ಕೇಳುವ ನೆಪ ಮಾಡಿ ಕೆಸರಿನ ಗುಂಡಿಯ ಕಡೆ ಹೋದೆ. ಅಲ್ಲೊಬ್ಬಳು ಮೂವತ್ತೈದರ ಆಸುಪಾಸಿನ ಹೆಂಗಸು ಕೊಡದಿಂದ ನೀರು ಬಗ್ಗಿಸಿ ಕೊಟ್ಟಳು. ಮೊಣಕೈವರೆಗೆ ಮಣ್ಣು. ಎಡಗೈಯಲ್ಲಿ ಒಂದೇ ಒಂದು ಹಿತ್ತಾಳೆ ಬಳೆ.

“ಅರ್ಧಚಂದ್ರದ ಗುರುತು ನಿಂದೇನಮ್ಮ?” ಎಂದೆ.

ಅವಳು ಬೆಚ್ಚಿ ನನ್ನ ಮುಖ ನೋಡಿದಳು. “ನಿಮಗ ಹೆಂಗ ಗೊತ್ತ್ರಿ ಅಕ್ಕಾರ?”

“ನಮ್ಮತ್ತೆ ಮಲಗೋ ಗೋಡೆಯಲ್ಲಿದೆ. ಏಳು ಇಟ್ಟಿಗೆ.”

ಅವಳ ಹೆಸರು ಹುಲಿಗೆವ್ವ. ಗಂಡ ಮುದುಕಪ್ಪ, ಅವನದು ಹೆಬ್ಬೆರಳಿನ ಗುರುತು. ಉಳಿದವರು ಅವರ ಊರಿನವರೇ. ನಾಲ್ಕು ತಿಂಗಳ ಕೆಲಸವೆಂದು ಕರೆತಂದು ಮೂರು ವರ್ಷವಾಗಿತ್ತು. “ಬಂದ ದಿನಾನ ಗುರುತಿನ ಚೀಟಿ ಇಸಗೊಂಡು ಪೆಟ್ಟಿಗ್ಯಾಗ ಇಟ್ಟಾರ್ರಿ. ಚೀಟಿ ಇಲ್ದ ಹೊರಗ ಅಡ್ಡಾಡಿದ್ರ ಕಳ್ರು ಅಂತ ಹಿಡಿದು ಒಳಗ ಹಾಕ್ತಾರ ಅಂತಾರ. ಹೊತ್ತು ಮುಳುಗಿದ ಮ್ಯಾಲ ಆ ಶೆಡ್ಡಿನ್ಯಾಗ ಎಲ್ಲಾರ್ನೂ ಕೂಡಿ ಹೊರಗಿಂದ ಕೀಲಿ ಹಾಕ್ತಾರ್ರಿ. ನಮ್ಮವ್ವ ಸತ್ತ ಸುದ್ದಿ ಬಂತು, ಮಣ್ಣಿಗೂ ಬಿಡ್ಲಿಲ್ಲ,” ಎಂದು ಒಂದೇ ಉಸಿರಿಗೆ ಹೇಳಿದಳು. ಹೇಳುವಾಗ ಕೈ ಮಾತ್ರ ಮಣ್ಣು ಕಲಸುತ್ತಲೇ ಇತ್ತು, ಯಾರಾದರೂ ದೂರದಿಂದ ನೋಡಿದರೆ ಮಾತಾಡುತ್ತಿದ್ದಾಳೆಂದು ತಿಳಿಯಬಾರದೆಂದು.

ಶೆಡ್ಡು ನೋಡಿದೆ. ತಗಡಿನ ಮಾಡು, ಕಿಟಕಿಯಿಲ್ಲ, ಸುತ್ತ ಅವರೇ ಮಾಡಿದ ಇಟ್ಟಿಗೆ. ಗೋಡೆಗೆ ಕೈಯಿಟ್ಟೆ. ತಣ್ಣಗೆ ಕೊರೆಯುತ್ತಿತ್ತು. ಹೊಳೆಯಾಚೆ ಅಲ್ಲವೇ, ಅಲ್ಲಿ ಇಟ್ಟಿಗೆ ಬರೀ ಇಟ್ಟಿಗೆ.

“ನಮ್ಮ ಇಟ್ಟಂಗಿ ನಿಮ್ಮೂರಾಗ ಬೆಚ್ಚಗ ಇರ್ತಾವಂತ, ಖರೇ ಏನ್ರಿ?” ಎಂದು ಹುಲಿಗೆವ್ವ ಕೇಳಿದಳು. ಹೌದೆಂದೆ. ನಾಚಿಕೆಯಿಂದ ನನ್ನ ತಲೆ ತಗ್ಗಿತು. ಅವಳು ಇನ್ನೊಂದು ಹಿಡಿ ಮಣ್ಣು ಕಲಸುತ್ತಾ, “ಇರ್ಲಿ ಬಿಡ್ರಿ. ಮುದುಕಿ ಬೆಚ್ಚಗ ಮಲಗ್ಲಿ,” ಎಂದಳು. ಆಮೇಲೆ, “ದಿನಾ ಮುಂಜಾನೆ ಒಮ್ಮೆ ಕೈ ಇಟ್ಟು ನೋಡ್ರಿ ಅಕ್ಕಾರ. ಬೆಚ್ಚಗಿದ್ರ ಹುಲಿಗಿ ಇಲ್ಲೇ ಅದಾಳ ಅಂತ ತಿಳೀರಿ. ಆರಿದ್ರ ಊರಿಗೆ ಹೋದ್ಲು ಅನ್ರಿ,” ಎಂದಳು.

ಅವಳ ಮಣ್ಣಿನ ಕೈಯನ್ನು ನನ್ನ ಎಣ್ಣೆ ಕೈಯಲ್ಲಿ ಹಿಡಿದು ನಾನು ಮಾತು ಕೊಟ್ಟೆ. “ಒಂದು ತಿಂಗಳೊಳಗೆ ಆ ಬಾಗಿಲು ತೆಗೆಸ್ತೀನಿ. ಹನ್ನೊಂದು ಜನಾನೂ ಊರಿಗೆ ಕಳಿಸ್ತೀನಿ. ಇದು ನನ್ನ ಮಾತು.”

ಬಂದವಳೇ ಫಾರಮ್ಮಿನ ಹಿಂದೆ ಎಲ್ಲವನ್ನೂ ಬರೆದೆ. ಕೀಲಿ, ಚೀಟಿ, ಪೆಟ್ಟಿಗೆ, ಕಿಟಕಿಯಿಲ್ಲದ ಶೆಡ್ಡು. ಸದಾನಂದಯ್ಯ ಎರಡು ಸಲ ಓದಿದರು. ಅವರೂ ಕೆಟ್ಟವರಲ್ಲ, ಹಣೆಯ ಬೆವರು ಒರೆಸಿಕೊಂಡರು. “ಛೆ, ಇದು ಘೋರ. ತಕ್ಷಣ ತಿದ್ದುಪಡಿ ಪತ್ರ ಕಳಿಸೋಣ. ಮೂವತ್ತು ದಿನ ಗಡುವು. ಅಷ್ಟರೊಳಗೆ ಸರಿಮಾಡದಿದ್ರೆ ವ್ಯವಹಾರ ಬಂದ್,” ಎಂದರು.

“ಮೂವತ್ತು ದಿನ ಯಾಕೆ ಸಾರ್? ಕೀಲಿ ತೆಗೆಯೋಕೆ ಎಷ್ಟು ಹೊತ್ತು ಬೇಕು? ನಾಳೆ ತಹಶೀಲ್ದಾರರ ಹತ್ರ ಹೋಗೋಣ.”

“ಪದ್ಧತಿ ಅಂತ ಒಂದಿದೆಯಲ್ಲಮ್ಮ. ನೇರವಾಗಿ ಸರ್ಕಾರಕ್ಕೆ ಹೋದ್ರೆ ಪೇಪರಿಗೆ ಬರುತ್ತೆ. ಕಂಪನಿ ಹೆಸರು ಹೋದ್ರೆ ನಾಳೆ ನಿಮ್ಮ ಅಂಗೈಗೂ ಕೆಲಸ ಇರಲ್ಲ.”

ಆಗ ನಾನು ಎದ್ದು ಒಬ್ಬಳೇ ತಹಶೀಲ್ದಾರರ ಕಚೇರಿಗೆ ಹೋಗಬಹುದಿತ್ತು. ಅಂಗಳದಿಂದ ಅರ್ಧ ಗಂಟೆಯ ದಾರಿ, ನಡೆದೇ ಹೋಗಬಹುದು. ಹೋಗಲಿಲ್ಲ. ಪತ್ರ ಹೋಗಿದೆಯಲ್ಲ, ನೋಡೋಣ ಎಂದುಕೊಂಡೆ. ಈ ‘ನೋಡೋಣ’ ಎನ್ನುವ ಮಾತಿಗೆ ಬೆಂಕಿ ಹಾಕ. ದಿನಾ ಬೆಳಿಗ್ಗೆ ಅತ್ತೆಯ ಕೋಣೆಗೆ ಹೋಗಿ ಅರ್ಧಚಂದ್ರದ ಮೇಲೆ ಕೈಯಿಡುತ್ತಿದ್ದೆ. ಬೆಚ್ಚಗಿರುತ್ತಿತ್ತು. ಹುಲಿಗಿ ಇಲ್ಲೇ ಅದಾಳ ಎಂದುಕೊಂಡು ಸ್ನಾನಕ್ಕೆ ಹೋಗುತ್ತಿದ್ದೆ.

ಇಪ್ಪತ್ತೆರಡನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಅತ್ತೆ ಕೂಗಿದರು. “ಮಂಗಳಾ, ಬಾರೇ ಇಲ್ಲಿ! ಗೋಡೆ ಆರಿಹೋಗಿದೆ ಕಣೇ. ನನ್ನ ಮಂಡಿ ಹಿಡ್ಕೊಂಡಿದೆ, ಏಳೋಕಾಗ್ತಿಲ್ಲ.” ಓಡಿಹೋಗಿ ಹೆಬ್ಬೆರಳಿನ ಗುರುತಿಗೆ ಕೈಯಿಟ್ಟೆ. ತಣ್ಣಗಿತ್ತು. ಬೇವಿನ ಕಡ್ಡಿ ತಣ್ಣಗಿತ್ತು. ಮೂರು ಚುಕ್ಕಿ ತಣ್ಣಗಿತ್ತು. ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. “ಬಿಟ್ರು ಅತ್ತೆ, ಬಿಟ್ಟುಬಿಟ್ರು!” ಎಂದು ಅವರನ್ನು ತಬ್ಬಿಕೊಂಡು ಅತ್ತೇಬಿಟ್ಟೆ. ಅತ್ತೆಯ ಮುಖ ಮಾತ್ರ ಗೆಲುವಾಗಲಿಲ್ಲ. “ನಮ್ಮ ತವರಲ್ಲೂ ಒಂದ್ಸಲ ಹೀಗೇ ಒಂದೇ ದಿನಕ್ಕೆ ಗೋಡೆ ಪೂರ್ತಿ ಆರಿತ್ತು. ಆವತ್ತೂ ಎಲ್ಲರೂ ಬಿಡುಗಡೆ ಬಿಡುಗಡೆ ಅಂತ ಪಾಯಸ ಮಾಡಿದ್ರು. ಆಮೇಲೆ ತಿಳೀತು, ಆ ವರ್ಷ ಆ ಕಡೆ ಪ್ಲೇಗು...” ಎಂದು ಏನೋ ಹೇಳಹೊರಟರು. ನಾನು ಕೇಳಿಸಿಕೊಳ್ಳಲಿಲ್ಲ. ಅಷ್ಟರಲ್ಲಾಗಲೇ ಚಪ್ಪಲಿ ಮೆಟ್ಟಿ ಬೀದಿಯಲ್ಲಿದ್ದೆ.

ಅಂಗಳದಲ್ಲಿದ್ದ ಪಂಪಣ್ಣನ ಮೂರು ಲೋಡಿಗೂ ಕೈಯಿಟ್ಟೆ. ಇಟ್ಟಲ್ಲೆಲ್ಲ ತಂಪು. ಸದಾನಂದಯ್ಯ ಚಪ್ಪಾಳೆ ತಟ್ಟಿದರು. “ನೋಡಿದ್ರಾ, ಪತ್ರಕ್ಕೆ ಎಷ್ಟು ಶಕ್ತಿ! ಗಡುವಿಗೆ ಎಂಟು ದಿನ ಮುಂಚೆ!” ನಾನು ರಿಜಿಸ್ಟರಿನಲ್ಲಿ ತಾರೀಕು ಹಾಕಿ, ಚೆಂದದ ಅಕ್ಷರದಲ್ಲಿ ಮೂರು ಸಲ ‘ತಣ್ಣಗಿದೆ’ ಎಂದು ಬರೆದೆ. ಲೋಡುಗಳು ಪಟ್ಟಣಕ್ಕೆ ಹೋದವು. ಕಂಪನಿಯ ವಾರ್ಷಿಕ ಪುಸ್ತಕಕ್ಕೆಂದು ಒಬ್ಬ ಬಂದು ನನ್ನ ಅಂಗೈಯ ಫೋಟೋ ತೆಗೆದ. ಮಧ್ಯಾಹ್ನ ಎಲ್ಲರಿಗೂ ಗೋಧಿ ಹುಗ್ಗಿ. ನಾನು ಎರಡು ಸಲ ಹಾಕಿಸಿಕೊಂಡೆ.

ಸಂಜೆ ಮನೆಗೆ ಬಂದಾಗ ಅತ್ತೆ ಗೋಡೆಯ ಮೂಲೆಗೆ ಒತ್ತಿಕೊಂಡು ಕೂತಿದ್ದರು. “ಎಲ್ಲಾ ಆರಿಲ್ಲ ಕಣೇ,” ಎಂದರು. “ಆ ತಾಯಿದು ಏಳೂ ಬೆಚ್ಚಗಿದೆ. ಬಾ, ನೋಡು.”

ನೋಡಿದೆ. ಬೆಳಿಗ್ಗೆ ಸಂಭ್ರಮದಲ್ಲಿ ಬಳೆಯ ಗುರುತನ್ನು ಮಾತ್ರ ನಾನು ಮುಟ್ಟಿಯೇ ಇರಲಿಲ್ಲ. ಅಂಗಳದಲ್ಲಿ ಇಪ್ಪತ್ತಿಪ್ಪತ್ತು ಆರಿಸುವಾಗ ಅವು ಹೇಗೆ ತಪ್ಪಿಹೋದವೋ, ಅಥವಾ ಕೈ ತಾನಾಗಿಯೇ ತಂಪಿರುವಲ್ಲಿಗೆ ಹೋಯಿತೋ. ಹತ್ತು ಗುರುತು ಆರಿದೆ, ಒಂದು ಆರಿಲ್ಲ. ಗಂಡನನ್ನು ಬಿಟ್ಟು ಹೆಂಡತಿಯನ್ನು ಇಟ್ಟುಕೊಳ್ಳುವ ಬಿಡುಗಡೆ ಯಾವುದದು? ಆಗ ಅತ್ತೆಯ ತವರಿನ ಮಾತು ಅರ್ಧಕ್ಕೆ ನಿಂತದ್ದು ನೆನಪಾಯಿತು. ಪ್ಲೇಗು ಎಂದಿದ್ದರು.

ಮರುದಿನ ಸದಾನಂದಯ್ಯನವರ ಮುಂದೆ ನಿಂತಾಗ ಅವರು, “ಹನ್ನೊಂದರಲ್ಲಿ ಹತ್ತು ಆಗಿದೆಯಲ್ಲಮ್ಮ. ಒಳ್ಳೆ ಪ್ರಗತಿ. ಇನ್ನೊಂದು ಪತ್ರ ಹಾಕೋಣ,” ಎಂದರು. ನಾನು ನೇರವಾಗಿ ಹೋಗಿ ಮಕ್ತುಮ್ ಸಾಬರ ಲಾರಿ ಹತ್ತಿದೆ.

ಭಟ್ಟಿ ಸದ್ದಿಲ್ಲದೆ ಬಿದ್ದಿತ್ತು. ಶೆಡ್ಡಿಗೆ ಹೊಸದಾಗಿ ಸುಣ್ಣ ಹೊಡೆದಿದ್ದರು. ಕೆಸರುಗುಂಡಿಯ ಹಿಂದೆ ನೆಲ ಅಗೆದು ಮುಚ್ಚಿದ ಹಾಗಿತ್ತು. ಪಂಪಣ್ಣ ಅದೇ ನಗುವಿನಿಂದ ಬಂದ. “ನಿಮ್ಮ ಪತ್ರ ಬಂತಲ್ಲ ಮೇಡಂ, ಎಲ್ಲರನ್ನೂ ಊರಿಗೆ ಕಳಿಸಿಬಿಟ್ಟೆ. ಇವಳೊಬ್ಬಳು ಹೋಗಲ್ಲ ಅಂತಾಳೆ. ಮನೆಕೆಲಸಕ್ಕೆ ಇಟ್ಕೊಂಡಿದೀನಿ.” ಹುಲಿಗೆವ್ವ ಅವನ ಮನೆಯ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ನನ್ನನ್ನು ನೋಡಿದರೂ ನೋಡದವಳ ಹಾಗೆ ತಲೆ ತಗ್ಗಿಸಿದಳು. ಕೈಯಲ್ಲಿ ಬಳೆಯಿರಲಿಲ್ಲ.

ಅಂಥ ಬುದ್ಧಿ ನನಗೆ ಎಲ್ಲಿಂದ ಬಂತೋ ಕಾಣೆ. “ತುಂಬಾ ಒಳ್ಳೇದಾಯ್ತು ಪಂಪಣ್ಣೋರೆ. ಕಂಪನಿಯ ಪುಸ್ತಕದಲ್ಲಿ ನಿಮ್ಮ ಭಟ್ಟಿ ಹೆಸರು ಹಾಕ್ತಿದಾರೆ. ಬಿಡುಗಡೆಯಾದವರದ್ದು ಒಂದು ಫೋಟೋ ಬೇಕಂತೆ. ಇವಳನ್ನೇ ಕರ್ಕೊಂಡು ಹೋಗಿ ತೆಗೆಸ್ತೀನಿ,” ಎಂದೆ. ಅವನಿಗೆ ಹಿಗ್ಗಾಯಿತು. “ನಂದೂ ಒಂದು ಹಾಕಿಸಿ ಮೇಡಂ. ಇವಳನ್ನ ಸಂಜೆಗೆ ವಾಪಸ್ ಕಳಿಸಿ,” ಎಂದು ತಾನೇ ಗೇಟು ತೆಗೆದ.

 ಹೊಳೆಯ ಸೇತುವೆ ದಾಟಿದ ಮೇಲೆ ಅವಳು ನಿಧಾನವಾಗಿ ಹೇಳಿದಳು. ಪಂಪಣ್ಣನ ಮಗಳ ನಿಶ್ಚಯಕ್ಕೆ ರೊಟ್ಟಿ ಬಡಿಯಲು ಅವಳೊಬ್ಬಳನ್ನು ಮನೆಯಲ್ಲಿ ಉಳಿಸಿಕೊಂಡಿದ್ದರು. ಥಂಡಿ ತಡೆಯಲಾರದೆ ಉಳಿದವರು ಒಂದು ಡಬ್ಬದಲ್ಲಿ ಭಟ್ಟಿಯ ಕೆಂಡ ತುಂಬಿಕೊಂಡು ಶೆಡ್ಡಿನೊಳಗೆ ಇಟ್ಟುಕೊಂಡರು. ಹೊರಗಿನಿಂದ ಕೀಲಿ ಬಿತ್ತು, ಕೆಂಡದ ವಿಷಗಾಳಿ ಹೊರಹೋಗಲು ಕಿಟಕಿಯೂ ಇರಲಿಲ್ಲ. “ಮುಂಜಾನೆ ಕೀಲಿ ತೆಗೆದ್ರ ಹತ್ತೂ ಮಂದಿ ಬಾಗಿಲದ ಕಡೆ ಬಿದ್ದಿದ್ರ್ರಿ. ನಮ್ಮನಿಯವ್ರ ಉಗುರಾಗ ಬಾಗಿಲದ ಚಕ್ಕಿ ಇತ್ರಿ.” ಅಷ್ಟು ಹೇಳಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮಕ್ತುಮ್ ಸಾಬರು ಲಾರಿ ನಿಲ್ಲಿಸಿ ಇಳಿದುಹೋಗಿ ರಸ್ತೆಬದಿಯಲ್ಲಿ ನಿಂತರು. ನಾನು ‘ತಣ್ಣಗಿದೆ’ ಎಂದು ಬರೆದ ನನ್ನ ಬಲಗೈಯನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಮನೆಗೆ ಬಂದು ಅವಳು ಅತ್ತೆಯ ಗೋಡೆಯ ಮುಂದೆ ನಿಂತಳು. ಗುರುತು ಮುಟ್ಟಿ ಮುಟ್ಟಿ ಹೆಸರು ಹೇಳಿದಳು. ಬೇವಿನ ಕಡ್ಡಿ ಹನುಮವ್ವ. ಮೂರು ಚುಕ್ಕಿ ಯಂಕೋಬ. ಹೀಗೆ ಒಂಬತ್ತು ಹೆಸರು. ಹೆಬ್ಬೆರಳಿನ ಗುರುತಿಗೆ ಬಂದಾಗ ಹೆಸರು ಹೇಳಲಿಲ್ಲ. ತನ್ನ ಹೆಬ್ಬೆರಳನ್ನು ಆ ಕುಳಿಯಲ್ಲಿಟ್ಟು, “ತಣ್ಣಗೈತ್ರಿ ಅಕ್ಕಾರ,” ಎಂದಳು. ಅತ್ತೆ ಅವಳನ್ನು ಕೈಹಿಡಿದು ಮೂಲೆಗೆ ಕರೆದೊಯ್ದು ಅವಳದೇ ಏಳು ಇಟ್ಟಿಗೆಗಳಿಗೆ ಬೆನ್ನು ಕೊಟ್ಟು ಕೂರಿಸಿದರು. “ಇಲ್ಲಿ ಬೆಚ್ಚಗಿದೆ, ಕೂತ್ಕೋ ಮಗಳೇ. ಇದು ನಿಂದೇ,” ಎಂದರು. ಮೂರು ವರ್ಷದಲ್ಲಿ ತನ್ನ ಇಟ್ಟಿಗೆಯ ಶಾಖ ಅವಳಿಗೆ ತಾಗಿದ್ದು ಆವತ್ತೇ.

ಆವತ್ತೇ ಮಧ್ಯಾಹ್ನ ಇಬ್ಬರೂ ತಹಶೀಲ್ದಾರರ ಕಚೇರಿಗೆ ಹೋದೆವು. ಪಂಪಣ್ಣನನ್ನು ಕರೆಸಿದರು. ಅವನು ಕಣ್ಣು ಮಿಟುಕಿಸದೆ, “ನನ್ನ ಭಟ್ಟಿಯಲ್ಲಿ ಇವಳು ಬಿಟ್ರೆ ಯಾರೂ ಇರಲೇ ಇಲ್ಲ ಸ್ವಾಮಿ. ಇವಳಿಗೆ ತಲೆ ಸರಿಯಿಲ್ಲ. ಇದ್ರು ಅಂದ್ರೆ ಒಂದು ಚೀಟಿಯಾದ್ರೂ ತೋರಿಸ್ಲಿ,” ಎಂದ. ಚೀಟಿಗಳನ್ನೆಲ್ಲ ಅವನು ಭಟ್ಟಿಗೆ ಹಾಕಿ ಸುಟ್ಟಿದ್ದ. ನನ್ನ ಫಾರಮ್ಮಿನ ನಲವತ್ತು ಪ್ರಶ್ನೆಗಳಲ್ಲಿ ಹೆಸರಿನ ಕಾಲಮ್ಮೇ ಇರಲಿಲ್ಲ. ತಹಶೀಲ್ದಾರರು ಪೆನ್ನು ಕೆಳಗಿಟ್ಟು, “ಹತ್ತು ಜನ ಇದ್ದರು ಅನ್ನೋದಕ್ಕೆ ಏನಿದೆಯಮ್ಮ?” ಎಂದು ನನ್ನನ್ನು ಕೇಳಿದರು.

ಮನೆಗೆ ಬಂದು ಹಾರೆ ತೆಗೆದುಕೊಂಡೆ. ಅತ್ತೆ ತಡೆಯಲಿಲ್ಲ, ತಾವೇ ಮಂಚ ಸರಿಸಿಕೊಟ್ಟರು. ಒಂದೊಂದು ಗುರುತಿನದು ಒಂದೊಂದರಂತೆ ಹತ್ತು ಇಟ್ಟಿಗೆ ಗೋಡೆಯಿಂದ ಕಿತ್ತು ಕೈಗಾಡಿಯಲ್ಲಿ ಹಾಕಿಕೊಂಡು, ಅಂಗಳಕ್ಕೆ ಹೋಗಿ ನನ್ನ ರಿಜಿಸ್ಟರನ್ನೂ ಕಂಕುಳಲ್ಲಿ ಇರಿಸಿಕೊಂಡೆ. ಸದಾನಂದಯ್ಯ ಬಾಗಿಲಿಗೆ ಅಡ್ಡ ನಿಂತರು. “ಆ ಪುಟ ಒಂದು ಇಲ್ಲಿ ಬಿಟ್ಟು ಹೋಗಿ ಮಂಗಳಮ್ಮ. ನಿಮ್ಮದೇ ಅಕ್ಷರ ಅದು. ನಿಮ್ಮನ್ನೇ ಮೊದಲು ಕೇಳ್ತಾರೆ.”

“ಕೇಳಲಿ ಸಾರ್. ಇಷ್ಟು ವರ್ಷ ಯಾರೂ ಕೇಳಲಿಲ್ಲ ಅಂತಲೇ ಇಷ್ಟೆಲ್ಲ ಆಯ್ತು,” ಎಂದು ಅವರನ್ನು ಪಕ್ಕಕ್ಕೆ ಸರಿಸಿ ಹೊರಟೆ.

ತಹಶೀಲ್ದಾರರ ಮೇಜಿನ ಮೇಲೆ ಹತ್ತು ಇಟ್ಟಿಗೆ ಸಾಲಾಗಿ ಇಟ್ಟೆವು. ಅವರು ರಿಜಿಸ್ಟರ್ ತಿರುವಿದರು. ಮೂರು ಸಲ ಬೆಚ್ಚಗಿದೆ. ಆಮೇಲೆ ಒಂದೇ ತಾರೀಕಿನಲ್ಲಿ ಮೂರು ಸಲ ತಣ್ಣಗಿದೆ. “ಇಲ್ಲಿ ತಣ್ಣಗಿದೆ ಅಂತ ಬರೆದಿದ್ದೀರಲ್ಲ, ಹಾಗಂದರೆ ಏನು?” ಎಂದರು. ಊರಿನ ಯಾವ ಮಗುವಿಗಾದರೂ ಗೊತ್ತಿದ್ದ ‘ಬಿಡುಗಡೆ’ ಎಂಬ ಅರ್ಥ ನನ್ನ ಬಾಯಿಗೆ ಬರಲಿಲ್ಲ. “ಸತ್ತಿದ್ದಾರೆ ಅಂತ ಸ್ವಾಮಿ,” ಎಂದೆ. “ನನಗೆ ಆವತ್ತು ತಿಳಿಯಲಿಲ್ಲ. ನಾನು ಹುಗ್ಗಿ ತಿಂದೆ.”

ಕೆಸರುಗುಂಡಿಯ ಹಿಂದೆ ಅಗೆಸಿದರು. ಹತ್ತೂ ಸಿಕ್ಕವು. ಪಂಪಣ್ಣನನ್ನು ಕರೆದೊಯ್ದರು. ಕಂಪನಿಯವರು ಆ ಭಟ್ಟಿಯ ಜೊತೆ ಸಂಬಂಧ ಕಡಿದುಕೊಂಡದ್ದಾಗಿ ಪುಸ್ತಕದಲ್ಲಿ ಒಂದು ಪ್ಯಾರಾ ಹಾಕಿಸಿ, ಮರುವಾರವೇ ಅದರ ಪಕ್ಕದ ಭಟ್ಟಿಯಿಂದ ಲೋಡು ತರಿಸಿದರು. ನನ್ನ ಜಾಗಕ್ಕೆ ಬೇರೆ ಅಂಗೈ ಬಂತು. ಹಿಂದಿನ ಗೇಟಿನ ಸಾಲು ಕಡಿಮೆಯಾಗಲಿಲ್ಲ, ಸುಳ್ಳೇಕೆ ಹೇಳಲಿ. ಆದರೆ ಒಂದಿಬ್ಬರು ಬಂದು ಕೇಳಿದರು, “ಮಂಗಳಕ್ಕಾ, ಹೋದ ವರ್ಷ ನಮ್ಮ ಬಾಣಂತಿ ಕೋಣೆ ಗೋಡೆ ಇದ್ದಕ್ಕಿದ್ದ ಹಾಗೆ ಆರಿತ್ತಲ್ಲ, ಅದೂ ಹೀಗೇನಾ?” ನನಗೆ ಗೊತ್ತಿಲ್ಲವೆಂದೆ. ಹತ್ತೊಂಬತ್ತು ವರ್ಷದ ರಿಜಿಸ್ಟರಿನಲ್ಲಿ ಎಷ್ಟು ‘ತಣ್ಣಗಿದೆ’ ಇಂಥವೋ ದೇವರೇ ಬಲ್ಲ.

ಹುಲಿಗೆವ್ವ ನಮ್ಮ ಮನೆಯಲ್ಲೇ ಉಳಿದಳು. ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು. ಆದರೂ ಹಿತ್ತಲಿಗೆ ಹೋಗಬೇಕೆಂದರೆ, “ಅಕ್ಕಾರ, ಹೋಗಿ ಬರ್ಲೇನ್ರಿ?” ಎಂದು ಹೊಸ್ತಿಲಲ್ಲಿ ಕಾಯುತ್ತಿದ್ದಳು. ನೀರು ಕುಡಿಯಲೂ ಕೇಳುತ್ತಿದ್ದಳು. ಅವಳ ಏಳು ಇಟ್ಟಿಗೆ ಇನ್ನೂ ಬೆಚ್ಚಗೇ ಇದ್ದವು. “ಗೇಟು ದಾಟಿದ್ದಾಳೆ, ಇನ್ನೂ ಯಾಕೆ ಆರಿಲ್ಲ ಅತ್ತೆ?” ಎಂದೆ. “ಗೇಟು ಅವಳ ತಲೆಯೊಳಗೆ ಇದೆಯಲ್ಲೇ,” ಎಂದರು ಅತ್ತೆ. “ನೀನು ಅವಸರ ಮಾಡಬೇಡ.”

ಅವಳು ಬಂದ ಹದಿಮೂರನೆಯ ದಿನ ಬೆಳಿಗ್ಗೆ ಎದ್ದಾಗ ಅವಳ ಚಾಪೆ ಮಡಿಸಿಟ್ಟಿತ್ತು. ಹಿತ್ತಲಲ್ಲಿ ಇಲ್ಲ, ಬೀದಿಯಲ್ಲಿ ಇಲ್ಲ. ಕೋಣೆಗೆ ಓಡಿ ಅರ್ಧಚಂದ್ರದ ಮೇಲೆ ಕೈಯಿಟ್ಟೆ. ಆರಿತ್ತು. ಏಳೂ ಆರಿದ್ದವು. ಗೋಡೆಯಲ್ಲಿ ಉಳಿದಿದ್ದ ಮುದುಕಪ್ಪನ ಹೆಬ್ಬೆರಳಿನ ಇಟ್ಟಿಗೆಯೊಂದು ಇರಲಿಲ್ಲ. ಅದನ್ನು ಕಿತ್ತುಕೊಂಡು ಹೋಗಿದ್ದಳು.

“ಯಾರನ್ನೂ ಕೇಳದೆ ಹೋದ್ಲಲ್ಲ, ಒಳ್ಳೇದಾಯ್ತು ಬಿಡು. ಊರಿಗೆ ಹೋಗಿರ್ತಾಳೆ,” ಎಂದರು ಅತ್ತೆ. ಹೇಳುತ್ತಲೇ ಆರಿದ ಅರ್ಧಚಂದ್ರದ ಮೇಲೆ ಮತ್ತೆ ಬೆರಳಾಡಿಸಿದರು.  ಗೋಡೆಯ ತೂತುಗಳಿಂದ ಗಾಳಿ ನೇರವಾಗಿ ಅವರ ಮಂಡಿಗೆ ಹೊಡೆಯುತ್ತಿತ್ತು. ಮುಚ್ಚಿಸುತ್ತೇನೆಂದು ಎಷ್ಟು ಸಲ ಹೇಳಿದರೂ ಅವರು ಒಪ್ಪಿರಲಿಲ್ಲ.

ಆರಿದ್ರ ಊರಿಗೆ ಹೋದ್ಲು ಅನ್ರಿ ಎಂದು ಅವಳೇ ಹೇಳಿದ್ದಳು. ಹಾಗೆಂದುಕೊಂಡು ಸುಮ್ಮನಾಗಬಹುದಿತ್ತು. ಆದರೆ ನನಗೀಗ ಗೊತ್ತು. ಊರಿಗೆ ಹೋದರೂ ಇಟ್ಟಿಗೆ ಆರುತ್ತದೆ, ಹೊಳೆಗೆ ಹಾರಿದರೂ ಆರುತ್ತದೆ. ಅಂಗೈಗೆ ಎರಡೂ ಒಂದೇ. ಪಂಪಣ್ಣನ ಕಡೆಯವರು ಸಂತೆಯಲ್ಲಿ ಅವಳನ್ನು ವಿಚಾರಿಸಿಕೊಂಡು ಹೋಗಿದ್ದರೆಂದು ಮಕ್ತುಮ್ ಸಾಬರು ಮೊನ್ನೆಯಷ್ಟೇ ಹೇಳಿದ್ದರು.

ಅತ್ತೆಗೆ ಎರಡು ಕಂಬಳಿ ಹೊದಿಸಿ, ಚೀಲಕ್ಕೆ ನಾಲ್ಕು ರೊಟ್ಟಿ ಹಾಕಿಕೊಂಡು ಬಸ್ ನಿಲ್ದಾಣಕ್ಕೆ ಹೋದೆ. ಅವಳ ಊರಿನ ಹೆಸರು ಹೇಳಿದಾಗ ಕಂಡಕ್ಟರ್, “ಅದು ಬಹಳ ದೂರ ಅಮ್ಮ, ಮೂರು ಬಸ್ಸು ಬದಲಾಯಿಸಬೇಕು. ಅಲ್ಲಿ ಯಾರಿದಾರೆ ನಿಮಗೆ?” ಎಂದ.

“ಇದಾಳೋ ಇಲ್ವೋ ನೋಡೋಕೆ ಹೋಗ್ತಿದೀನಪ್ಪ,” ಎಂದು ಹತ್ತಿ ಕೂತೆ.